ಕತ್ತರಿ ಹಾಕದ ಅಜ್ಜಿ ಕತೆ

ಇಸ್ತಾಂಬುಲ್ ನಗರದ ಒಂದು ಅಪಾರ್ಟ್‌ಮೆಂಟ್. ಅಲ್ಲಿನ ಒಂದು ಮನೆಯ ಮೇಲೆ ಪೊಲೀಸ್ ದಾಳಿ ನಡೆಯುತ್ತದೆ, ಗುಂಡು ಹಾರುತ್ತದೆ. ಹೇಗೋ ಪಾರಾದ ಐದು ವರ್ಷದ ಹುಡುಗಿಯೊಬ್ಬಳು ಎದುರು ಮನೆ ಸೇರುತ್ತಾಳೆ. ಆ ಮನೆಯಲ್ಲಿರುವವರು ಒಬ್ಬ ನಿವೃತ್ತ ನ್ಯಾಯಾಧೀಶ. ಶಿಸ್ತಿನ ಮನುಷ್ಯ, ಕಾನೂನು ಅಂದರೆ ಕಾನೂನು. ಹುಡುಗಿಗೆ ಬರುವುದು ಕುರ್ದಿಶ್ ಮಾತ್ರ, ಅವರಿಗೆ ಬರುವುದು ಟರ್ಕಿಶ್. ಆಗ ಮನೆಗೆಲಸದ ಹೆಂಗಸು ಮುಂದೆ ಬಂದು ಹುಡುಗಿಯ ಜೊತೆ ಅವಳದೇ ಭಾಷೆಯಲ್ಲಿ ಮಾತಾಡುತ್ತಾಳೆ. ನ್ಯಾಯಾಧೀಶರು ಬೆಚ್ಚಿಬೀಳುತ್ತಾರೆ. ತಮ್ಮ ಮನೆಯಲ್ಲಿ ದಿನವೂ ಓಡಾಡುವ ಈ ಹೆಂಗಸು ಕುರ್ದ್ ಜನಾಂಗದವಳು ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ನನ್ನ ಮನೆಯಲ್ಲಿ ಆ ಭಾಷೆ ಆಡಕೂಡದು ಎಂದು ಅಪ್ಪಣೆ ಮಾಡುತ್ತಾರೆ. ಆದರೆ ದಿನ ಕಳೆದಂತೆ ಅವರೇ ಆ ಮಗುವಿಗಾಗಿ ನಾಲ್ಕು ಕುರ್ದಿಶ್ ಪದ ಕಲಿಯುತ್ತಾರೆ.

ಹಂದಾನ್ ಇಪೆಕ್ಚಿ ಎಂಬ ನಿರ್ದೇಶಕಿ 2001ರಲ್ಲಿ ಮಾಡಿದ ಈ ಸಿನಿಮಾ ಹೊರದೇಶಗಳಲ್ಲಿ ‘ಹೆಜಾರ್’ ಅಂತಲೇ ಪರಿಚಿತ. ಅದು ಆ ಹುಡುಗಿಯ ಹೆಸರು. ಟರ್ಕಿಯ ಸಂಸ್ಕೃತಿ ಇಲಾಖೆಯೇ ಇದಕ್ಕೆ ಹಣದ ನೆರವು ಕೊಟ್ಟಿತ್ತು. ಆಸ್ಕರ್ ಸ್ಪರ್ಧೆಗೆ ಆ ದೇಶ ಕಳಿಸಿದ್ದೂ ಇದನ್ನೇ. ಆಮೇಲೆ ಪೊಲೀಸ್ ಇಲಾಖೆ ಆಕ್ಷೇಪ ಎತ್ತಿತು, 2002ರಲ್ಲಿ ನಿಷೇಧ ಬಂತು. ಒಂದು ಕೈ ಬೆನ್ನು ತಟ್ಟಿದರೆ ಇನ್ನೊಂದು ಕೈ ಬಾಯಿ ಮುಚ್ಚಿತು.

ಅಲ್ಲಿನ ಹಿನ್ನೆಲೆ ಗೊತ್ತಾದರೆ ಇದು ಅಷ್ಟು ಆಶ್ಚರ್ಯ ಅನ್ನಿಸುವುದಿಲ್ಲ. 1983ರಲ್ಲಿ ಮಾಡಿದ ಒಂದು ಕಾನೂನು ಕುರ್ದಿಶ್‌ನಲ್ಲಿ ಏನನ್ನೂ ಪ್ರಕಟಿಸದಂತೆ ತಡೆದಿತ್ತು. ಅದು ರದ್ದಾಗಿದ್ದು 1991ರಲ್ಲಿ. ಅದಾದ ಮೇಲೂ ಹೆಸರಿನ ತೊಂದರೆ ಉಳಿಯಿತು. ಕ್ಯೂ, ಡಬ್ಲ್ಯು, ಎಕ್ಸ್ ಅಕ್ಷರಗಳು ಕುರ್ದಿಶ್‌ನಲ್ಲಿವೆ, ಟರ್ಕಿಶ್ ವರ್ಣಮಾಲೆಯಲ್ಲಿ ಇಲ್ಲ. ಹಾಗಾಗಿ ಆ ಅಕ್ಷರ ಇರುವ ಹೆಸರನ್ನು ಮಗುವಿಗೆ ಇಟ್ಟರೆ ಸರ್ಕಾರಿ ದಾಖಲೆಗೆ ಸೇರಿಸುತ್ತಿರಲಿಲ್ಲ. 2013ರವರೆಗೂ ಆ ಮೂರು ಅಕ್ಷರಗಳ ಬಳಕೆಗೆ ತಡೆ ಇತ್ತು. ನಾನು ದಿನವೂ ಕೋಡ್ ಬರೆಯುವ ಕೀಬೋರ್ಡಿನ ಮೇಲೆ ಆ ಮೂರೂ ಕೀಗಳಿವೆ. ಒಂದು ಮಗುವಿನ ಹೆಸರಿಗೆ ಮಾತ್ರ ಅವು ಸಿಗುತ್ತಿರಲಿಲ್ಲ.

ಹಾಸನದಲ್ಲಿ ಬಿಇ ಓದುವ ಹುಡುಗಿಗೆ ಟರ್ಕಿಯ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಕಾರಣ ಇದೆ. ತಮ್ಮ ಜನರ ಕತೆಯನ್ನು ಹೇಳಲು ಹೊರಟ ಸಿನಿಮಾಕ್ಕೆ ಕತ್ತರಿ ಬಿದ್ದಿದ್ದು ಅಲ್ಲಿ ಮಾತ್ರ ಅಲ್ಲ. ಕನ್ನಡದಲ್ಲೂ ಆಗಿದೆ, ಅದೂ ನಮ್ಮ ಅತ್ಯಂತ ಹೆಸರುವಾಸಿ ಸಿನಿಮಾಗಳಲ್ಲಿ ಒಂದಕ್ಕೆ.

ಯು.ಆರ್. ಅನಂತಮೂರ್ತಿ ಅವರ ‘ಸಂಸ್ಕಾರ’ ಕಾದಂಬರಿ ಪ್ರಕಟವಾಗಿದ್ದು 1965ರಲ್ಲಿ. ತೆಲುಗು ಕವಿಯೂ ಆಗಿದ್ದ ಪಟ್ಟಾಭಿರಾಮ ರೆಡ್ಡಿ ಅದನ್ನು ಸಿನಿಮಾ ಮಾಡಿದರು. ಚಿತ್ರಕತೆ ಗಿರೀಶ ಕಾರ್ನಾಡರದು. ಪ್ರಾಣೇಶಾಚಾರ್ಯನ ಪಾತ್ರವೂ ಅವರದೇ. ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಸಂಗೀತ ರಾಜೀವ ತಾರಾನಾಥ್ ಅವರದು. ಶೃಂಗೇರಿ ಸೀಮೆಯಲ್ಲಿ, ಸ್ಟುಡಿಯೊ ಸೆಟ್‌ನ ಹಂಗಿಲ್ಲದೆ, ಕಪ್ಪು ಬಿಳುಪಿನಲ್ಲಿ ಚಿತ್ರೀಕರಣ ಮಾಡಿದರು.

ಕತೆ ನಿಮಗೆ ಗೊತ್ತಿರಬಹುದು. ದೂರ್ವಾಸಪುರ ಎಂಬ ಅಗ್ರಹಾರದಲ್ಲಿ ನಾರಣಪ್ಪ ಸಾಯುತ್ತಾನೆ. ಅವನು ಹುಟ್ಟಿನಿಂದ ಬ್ರಾಹ್ಮಣ, ಆದರೆ ಮಾಂಸ ತಿಂದವನು, ಹೆಂಡ ಕುಡಿದವನು, ಕೆಳಜಾತಿಯ ಚಂದ್ರಿಯ ಜೊತೆ ಬಾಳಿದವನು. ಅವನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು? ಮಾಡಿದರೆ ತಮಗೆ ಮೈಲಿಗೆ, ಮಾಡದಿದ್ದರೆ ಹೆಣ ಎತ್ತುವ ತನಕ ಯಾರೂ ಊಟ ಮಾಡುವಂತಿಲ್ಲ. ಚಂದ್ರಿ ತನ್ನ ಒಡವೆ ತಂದು ಇಟ್ಟ ಕೂಡಲೇ ಅದುವರೆಗೆ ಒಲ್ಲೆ ಅಂದವರಿಗೆಲ್ಲ ಆಸೆ ಹುಟ್ಟುತ್ತದೆ. ಮಹಾ ಪಂಡಿತ ಪ್ರಾಣೇಶಾಚಾರ್ಯ ಗ್ರಂಥಗಳಲ್ಲಿ ಉತ್ತರ ಹುಡುಕುತ್ತಾನೆ, ಸಿಗುವುದಿಲ್ಲ. ಊರಿಗೆ ಪ್ಲೇಗ್ ಬಂದಿರುತ್ತದೆ. ಇಲಿಗಳು ಸಾಯುತ್ತವೆ, ಹೆಣ ಕೊಳೆಯುತ್ತದೆ. ಕೊನೆಗೆ ಯಾವ ಶಾಸ್ತ್ರವನ್ನೂ ಓದದ ಚಂದ್ರಿ ಒಬ್ಬ ಮುಸ್ಲಿಂ ಮನುಷ್ಯನ ನೆರವಿನಿಂದ ರಾತ್ರೋರಾತ್ರಿ ಹೆಣ ಸುಟ್ಟುಬಿಡುತ್ತಾಳೆ. ಅಗ್ರಹಾರಕ್ಕೆ ಆ ವಿಷಯ ಗೊತ್ತೇ ಆಗುವುದಿಲ್ಲ.

ಆಗ ದಕ್ಷಿಣದ ಸಿನಿಮಾಗಳು ಮದ್ರಾಸಿನ ಸೆನ್ಸಾರ್ ಮಂಡಳಿಗೆ ಹೋಗಬೇಕಿತ್ತು. ಮಂಡಳಿ ಸರ್ಟಿಫಿಕೇಟ್ ಕೊಡಲಿಲ್ಲ. ಒಂದೆರಡು ದೃಶ್ಯ ತೆಗೆಯಿರಿ ಅನ್ನುವ ಮಾತಲ್ಲ, ಇಡೀ ಸಿನಿಮಾ ತೋರಿಸಕೂಡದು ಅಂತ. ಜಾತಿಯ ವಿಷಯ, ಜನ ಕೆರಳಿಯಾರು ಎಂಬ ಭಯ. ನಿರ್ಮಾಪಕರು ಪಟ್ಟು ಬಿಡಲಿಲ್ಲ. ವಿಷಯ ಕೇಂದ್ರದ ವಾರ್ತಾ ಮತ್ತು ಪ್ರಸಾರ ಇಲಾಖೆಯವರೆಗೆ ಹೋಯಿತು, ಅಲ್ಲಿ ಒಪ್ಪಿಗೆ ಸಿಕ್ಕಿತು. ಅಷ್ಟೇ ಅಲ್ಲ, 1970ನೇ ಸಾಲಿನ ದೇಶದ ಅತ್ಯುತ್ತಮ ಚಿತ್ರ ಎಂಬ ರಾಷ್ಟ್ರ ಪ್ರಶಸ್ತಿ ‘ಸಂಸ್ಕಾರ’ಕ್ಕೇ ಬಂತು. ಕನ್ನಡಕ್ಕೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ತಡೆದಿದ್ದೂ ಸರ್ಕಾರ ನೇಮಿಸಿದ ಮಂಡಳಿ, ಪದಕ ಕೊಟ್ಟಿದ್ದೂ ಸರ್ಕಾರ.

ಇನ್ನೊಂದು ಸಂಗತಿ. ಅದೇ 1970ರ ಸೆಪ್ಟೆಂಬರ್‌ನಲ್ಲಿ ಕೆ.ಎ. ಅಬ್ಬಾಸ್ ಅವರ ಸಾಕ್ಷ್ಯಚಿತ್ರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಪುಸ್ತಕ, ಪತ್ರಿಕೆಗಳಿಗಿಂತ ಸಿನಿಮಾ ಮನಸ್ಸನ್ನು ಬೇಗ ಕಲಕುತ್ತದೆ, ಆದ್ದರಿಂದ ಅದನ್ನು ಮುಂಚಿತವಾಗಿ ಪರೀಕ್ಷಿಸುವುದು ಸಂವಿಧಾನಕ್ಕೆ ವಿರುದ್ಧವಲ್ಲ ಅಂತ ಕೋರ್ಟ್ ಹೇಳಿತು. ಐದು ವರ್ಷ ಪುಸ್ತಕವಾಗಿ ಅಂಗಡಿಯಲ್ಲಿ ಸಿಗುತ್ತಿದ್ದ ಕತೆ ತೆರೆಗೆ ಬಂದ ಕೂಡಲೇ ಯಾಕೆ ಅಪಾಯಕಾರಿ ಅನ್ನಿಸಿತು ಎಂಬುದಕ್ಕೆ ಉತ್ತರ ಅಲ್ಲೇ ಇದೆ. 1983ರಲ್ಲಿ ಮಂಡಳಿಯ ಹೆಸರಿನಲ್ಲಿದ್ದ ‘ಸೆನ್ಸಾರ್’ ಹೋಗಿ ‘ಪ್ರಮಾಣೀಕರಣ’ ಬಂತು. ಜನರ ಬಾಯಲ್ಲಿ ಮಾತ್ರ ಇವತ್ತಿಗೂ ಅದು ಸೆನ್ಸಾರ್ ಬೋರ್ಡೇ.

‘ಸಂಸ್ಕಾರ’ ಬಿಡುಗಡೆಯಾದ ಮೇಲೆ ಏನಾಯಿತು? ಬೈದವರಿದ್ದರು, ಮುನಿಸಿಕೊಂಡವರಿದ್ದರು, ಈಗಲೂ ಇದ್ದಾರೆ. ವಾದ, ಪ್ರತಿವಾದ, ಲೇಖನ ಎಲ್ಲ ನಡೆದವು. ಐವತ್ತು ವರ್ಷ ದಾಟಿದ ಮೇಲೆ ಇವತ್ತು ಅದನ್ನು ಕಾಲೇಜುಗಳಲ್ಲಿ ಪಾಠ ಮಾಡುತ್ತಾರೆ. ಒಂದು ಸಮುದಾಯ ತನ್ನ ಬಗ್ಗೆ ಕಹಿ ಮಾತು ಕೇಳಿಸಿಕೊಂಡು ಬದುಕಿ ಉಳಿಯಬಲ್ಲದು ಅಂತ ಇದರಿಂದ ಗೊತ್ತಾಗುತ್ತದೆ. ಮಂಡಳಿ ಇಟ್ಟ ನಂಬಿಕೆಗಿಂತ ಪ್ರೇಕ್ಷಕರು ದೊಡ್ಡವರಾಗಿದ್ದರು.

ಈ ಸಿನಿಮಾವನ್ನು ನಾನು ನೋಡಿದ್ದು ಹಾಸ್ಟೆಲ್ ರೂಮಿನಲ್ಲಿ, ಲ್ಯಾಪ್‌ಟಾಪ್ ಮೇಲೆ, ಚನ್ನರಾಯಪಟ್ಟಣ ತಾಲ್ಲೂಕಿನ ಗೆಳತಿಯ ಜೊತೆ. ಮುಗಿದ ಮೇಲೆ ಅವಳು ಒಂದು ಪ್ರಶ್ನೆ ಕೇಳಿದಳು: “ಇದು ನಿಮ್ಮ ಕಡೆಯವರ ಕತೆ ಅಲ್ವಾ? ನಿಮ್ಮಜ್ಜಿ ಊರೂ ಹೀಗೇ ಇತ್ತಾ?” ಜಗಳದ ಧಾಟಿ ಅಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದು. ಅವಳ ಅಜ್ಜಿ ಬೇರೆಯವರ ಗದ್ದೆಯಲ್ಲಿ ಕೂಲಿ ಮಾಡಿದವರು. ಅಗ್ರಹಾರದ ಬೀದಿಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ ಅಂತ ಆ ಅಜ್ಜಿ ಮೊಮ್ಮಗಳಿಗೆ ಹೇಳಿದ್ದಾರೆ. ನನ್ನಲ್ಲಿ ಉತ್ತರ ಇರಲಿಲ್ಲ, ಯಾಕೆಂದರೆ ನಮ್ಮ ಮನೆಯಲ್ಲಿ ಆ ಮಾತು ಬಂದಿದ್ದೇ ಇಲ್ಲ.

ನಮ್ಮಜ್ಜಿ ಅರಕಲಗೂಡು ತಾಲ್ಲೂಕಿನವರು. ರುದ್ರಪಟ್ಟಣಕ್ಕೆ ಹತ್ತಿರ, ಕಾವೇರಿ ದಂಡೆಯ ಕಡೆಯ ಊರು. ರುದ್ರಪಟ್ಟಣ ಗೊತ್ತಿಲ್ಲದ ಸಂಗೀತ ಪ್ರಿಯರಿಲ್ಲ. ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣ ಸಹೋದರರು, ಆರ್.ಕೆ. ಪದ್ಮನಾಭ ಎಲ್ಲ ಆ ಊರಿನ ಮನೆಗಳಿಂದ ಬಂದವರು. ತಂಬೂರಿಯ ಆಕಾರದಲ್ಲಿ ಕಟ್ಟಿದ ಸಪ್ತಸ್ವರ ದೇವತಾ ಮಂದಿರವೂ ಅಲ್ಲಿದೆ. ಆ ಸೀಮೆಯ ಅನೇಕ ಮನೆಗಳ ಮಾತು ಸಂಕೇತಿ. ತಮಿಳು, ಮಲಯಾಳಂಗಳ ನೆಂಟಸ್ತಿಕೆ ಇರುವ, ಕನ್ನಡದ ಜೊತೆ ನೂರಾರು ವರ್ಷ ಬಾಳಿದ ಭಾಷೆ. ಅದಕ್ಕೆ ಸ್ವಂತ ಲಿಪಿ ಇಲ್ಲ, ಬರೆಯುವವರು ಕನ್ನಡ ಅಕ್ಷರದಲ್ಲೇ ಬರೆಯುತ್ತಾರೆ. ಹಾಸನದ ಪಕ್ಕದ ಕೌಶಿಕ, ಮೈಸೂರು ಕಡೆಯ ಬೆಟ್ಟದಪುರ, ಶಿವಮೊಗ್ಗದ ಮತ್ತೂರು ಎಲ್ಲ ಈ ಭಾಷೆಯ ಊರುಗಳು. ನಾನು ಹುಟ್ಟಿ ಬೆಳೆದ ಹೊಳೆನರಸೀಪುರದ ಮನೆಯಲ್ಲಿ ಅದು ಅಜ್ಜಿಯ ಬಾಯಲ್ಲಿ ಮಾತ್ರ ಉಳಿದಿದೆ, ಅದೂ ಅವರ ತಂಗಿಯ ಫೋನ್ ಬಂದಾಗ. ಅಮ್ಮನಿಗೆ ಅರ್ಥವಾಗುತ್ತದೆ, ಮಾತು ಬರುವುದಿಲ್ಲ. ನನಗೆ ಎರಡೂ ಇಲ್ಲ.

ಕುರ್ದಿಶ್ ಕತೆಗೂ ಇದಕ್ಕೂ ಹೋಲಿಕೆ ಮಾಡಲು ಹೋದರೆ ಅದು ಅನ್ಯಾಯ. ಸಂಕೇತಿ ಮಾತಾಡಬೇಡಿ ಎಂದು ಇಲ್ಲಿ ಯಾವ ಸರ್ಕಾರವೂ ಹೇಳಿಲ್ಲ, ಆ ಮಾತಾಡಿದ್ದಕ್ಕೆ ಯಾರೂ ಜೈಲಿಗೆ ಹೋಗಿಲ್ಲ. ಓದು, ಕೆಲಸ, ಪಟ್ಟಣ ಅಂತ ಹೊರಟ ಮನೆಗಳು ತಾವಾಗಿಯೇ ಬಿಟ್ಟುಬಂದವು. ಆದರೆ ಮೊಮ್ಮಕ್ಕಳ ಪಾಲಿಗೆ ಫಲ ಒಂದೇ. ಅಜ್ಜಿ ಏನು ಹೇಳುತ್ತಿದ್ದಾರೆ ಅನ್ನುವುದು ತಿಳಿಯುವುದಿಲ್ಲ.

ಗೆಳತಿಯ ಪ್ರಶ್ನೆ ಇಟ್ಟುಕೊಂಡು ಈ ಸಲದ ರಜೆಯಲ್ಲಿ ಅಜ್ಜಿಯ ಪಕ್ಕ ಕೂತೆ. ಮೊದಲು ಅವರು ಹೇಳಿದ್ದು ನಾಚಾರಮ್ಮನ ಕತೆ. ಸಂಕೇತಿ ಮನೆಗಳಲ್ಲಿ ತಲೆಮಾರಿನಿಂದ ಬಂದ ಐತಿಹ್ಯ ಅದು. ಈಗಿನ ತಮಿಳುನಾಡಿನ ತುದಿಯಲ್ಲಿ, ಕೇರಳದ ಗಡಿ ಹತ್ತಿರ ಇರುವ ಸೆಂಗೋಟ್ಟೈ ಅವರ ಮೂಲ ಊರು. ನಾಚಾರಮ್ಮ ಬಹಳ ಓದಿಕೊಂಡ ಹೆಣ್ಣುಮಗಳು. ಹೆಂಗಸಿಗೆ ಇಷ್ಟು ವಿದ್ಯೆ ಯಾಕೆ ಎಂದು ಊರಿನ ಪಂಡಿತರು ಅವಮಾನ ಮಾಡಿದರು. ಅವಳು ಶಾಪ ಹಾಕಿ ಊರು ಬಿಟ್ಟು ಹೊರಟಳು, ಅವಳ ಹಿಂದೆ ನೂರಾರು ಮನೆಯವರು ಹೊರಟರು, ಹಾಗೆ ಕನ್ನಡ ನಾಡಿಗೆ ಬಂದರು. ಇದು ಇತಿಹಾಸವೋ ನಂಬಿಕೆಯೋ ಬೇರೆ ಮಾತು. ಒಂದು ಸಮುದಾಯ ತನ್ನ ಹುಟ್ಟಿನ ಕತೆಯನ್ನು ಬಾಯಿ ಮುಚ್ಚಿಸಲಾಗದ ಒಬ್ಬ ಹೆಂಗಸಿನಿಂದ ಶುರು ಮಾಡುತ್ತದೆ ಅನ್ನುವುದು ಕೇಳಿ ನನಗೆ ಹೆಮ್ಮೆಯಾಯಿತು.

ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದೆ. ಗದ್ದೆ ಕೆಲಸದವರು ಮನೆಗೆ ಬಂದರೆ ಎಲ್ಲಿ ನಿಲ್ಲುತ್ತಿದ್ದರು? ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಿತ್ತಿಲಲ್ಲಿ. ಮೇಲಿಂದ ನೀರು ಹೊಯ್ಯುತ್ತಿದ್ದೆವು, ಅವರು ಬೊಗಸೆಯಲ್ಲಿ ಹಿಡಿದು ಕುಡಿಯುತ್ತಿದ್ದರು” ಅಂದರು. ಅವರಾಗಿಯೇ ಮುಂದುವರಿದು ಗೋಡೆಯ ಮೇಲಿನ ಹಳೇ ಫೋಟೊ ತೋರಿಸಿದರು. ಯಾರದೋ ಮುಂಜಿಯ ಗ್ರೂಪ್ ಫೋಟೊ, ಮೂವತ್ತಕ್ಕೂ ಹೆಚ್ಚು ಜನ. ನಾನು ಚಿಕ್ಕಂದಿನಿಂದ ನೋಡಿದ ಫೋಟೊ ಅದು. “ಇದರಲ್ಲಿ ನಮ್ಮ ದೊಡ್ಡತ್ತೆ ಇಲ್ಲ ನೋಡು” ಅಂದರು. ಹತ್ತು ವರ್ಷಕ್ಕೇ ಗಂಡ ಸತ್ತು, ತಲೆ ಬೋಳಿಸಿ, ಕೆಂಪು ಸೀರೆ ಉಟ್ಟು ಬದುಕು ಕಳೆದ ಹೆಂಗಸು. ಅವತ್ತು ಅಷ್ಟೂ ಜನರಿಗೆ ಅಡುಗೆ ಮಾಡಿದ್ದು ಅವರೇ. ಫೋಟೊ ತೆಗೆಯುವ ಹೊತ್ತಿಗೆ ಒಳಗೆ ಕೂರಿಸಿದ್ದರು, ಶುಭಕಾರ್ಯ ನೋಡಿ. ‘ಸಂಸ್ಕಾರ’ ಸಿನಿಮಾ ಬಂದಾಗ ಮನೆಯ ಗಂಡಸರು ನೋಡಿ ಬಂದರಂತೆ, ಹೆಂಗಸರನ್ನು ಕರೆದುಕೊಂಡು ಹೋಗಲಿಲ್ಲವಂತೆ. ಮದ್ರಾಸಿನ ಮಂಡಳಿ ದಾಟಿ ಬಂದ ಸಿನಿಮಾ ನಮ್ಮ ಮನೆಯ ಹೊಸಿಲಲ್ಲಿ ನಿಂತಿತ್ತು.

ಸಿನಿಮಾದ ಕತ್ತರಿ ಕಾಣುತ್ತದೆ. ಆದೇಶ ಇರುತ್ತದೆ, ಸಹಿ ಇರುತ್ತದೆ, ಮೇಲ್ಮನವಿಗೆ ದಾರಿ ಇರುತ್ತದೆ. ಮನೆಯ ಕತ್ತರಿಗೆ ಇದ್ಯಾವುದೂ ಇಲ್ಲ. ಫೋಟೊದಲ್ಲಿ ಇಲ್ಲದವರ ಬಗ್ಗೆ ಯಾರೂ ಕೇಳುವುದಿಲ್ಲ, ಯಾಕೆಂದರೆ ಅವರು ಇದ್ದರು ಎಂಬುದೇ ಗೊತ್ತಿರುವುದಿಲ್ಲ.

ಇದನ್ನು ಬಹಳ ಮೊದಲೇ ಬರೆದವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. 2025ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ ಎಸ್.ಎಲ್. ಭೈರಪ್ಪ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು. ಅವರ ‘ವಂಶವೃಕ್ಷ’ವೂ 1965ರದೇ. ಬಿ.ವಿ. ಕಾರಂತ ಮತ್ತು ಕಾರ್ನಾಡ್ ಸೇರಿ ಅದನ್ನು ಸಿನಿಮಾ ಮಾಡಿದರು, 1971ನೇ ಸಾಲಿನ ಉತ್ತಮ ನಿರ್ದೇಶನದ ರಾಷ್ಟ್ರ ಪ್ರಶಸ್ತಿ ಇಬ್ಬರಿಗೂ ಬಂತು. ವಿಷ್ಣುವರ್ಧನ್ ಅವರ ಮೊದಲ ಸಿನಿಮಾ ಕೂಡ ಅದೇ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿ ವಂಶದ ಪಾವಿತ್ರ್ಯವನ್ನೇ ನಂಬಿ ಬದುಕಿದವರು. ವಿಧವೆ ಸೊಸೆ ಕಾತ್ಯಾಯಿನಿ ಮರುಮದುವೆಯಾಗಿ ಹೋದಾಗ ಅವಳ ಮಗ ಆ ವಂಶದ ಕುಡಿಯೆಂದು ತಾತನ ಮನೆಯಲ್ಲೇ ಉಳಿಯುತ್ತಾನೆ. ಇಳಿವಯಸ್ಸಿನಲ್ಲಿ ಶ್ರೋತ್ರಿಯವರಿಗೆ ತಾವು ಆ ವಂಶದ ರಕ್ತವೇ ಅಲ್ಲ ಎಂದು ತಿಳಿಯುತ್ತದೆ. ಅವರ ಹುಟ್ಟಿನ ಸತ್ಯವನ್ನು ಮನೆಯವರೇ ಮುಚ್ಚಿಟ್ಟಿದ್ದರು.

ಅನಂತಮೂರ್ತಿ ಮತ್ತು ಭೈರಪ್ಪ ವಿಚಾರದಲ್ಲಿ ಎದುರುಬದುರು ನಿಂತವರು, ಅವರ ಜಗಳ ಕನ್ನಡದ ಓದುಗರಿಗೆಲ್ಲ ಗೊತ್ತು. ಆದರೂ ಒಂದೇ ವರ್ಷ ಇಬ್ಬರೂ ಬರೆದಿದ್ದು ಬಚ್ಚಿಟ್ಟಿದ್ದು ಹೊರಬಂದಾಗ ಒಬ್ಬ ಮರ್ಯಾದಸ್ಥ ಏನಾಗುತ್ತಾನೆ ಅನ್ನುವುದನ್ನೇ. ಎಂ.ಕೆ. ಇಂದಿರಾ ‘ಫಣಿಯಮ್ಮ’ ಬರೆದಾಗಲೂ ತಮ್ಮದೇ ಬಂಧುವರ್ಗದ ಬಾಲವಿಧವೆಯ ಬದುಕನ್ನು ತೆರೆದಿಟ್ಟರು. ಪ್ರೇಮಾ ಕಾರಂತ ಅದನ್ನು 1983ರಲ್ಲಿ ತೆರೆಗೆ ತಂದರು. ನಮ್ಮ ದೊಡ್ಡತ್ತೆಯ ಹಾಗಿರುವ ಒಬ್ಬಾಕೆ ಕಡೆಗೂ ಕ್ಯಾಮೆರಾ ಮುಂದೆ ಬಂದರು.

ಈಗ ‘ಬೇರು ಹುಡುಕುವುದು’ ಒಂದು ಫ್ಯಾಷನ್. ಗೋತ್ರ, ಮೂಲಸ್ಥಾನ, ಕುಲದೇವರು ಎಲ್ಲ ರೀಲ್ಸ್‌ನಲ್ಲಿ ಹಿನ್ನೆಲೆ ಸಂಗೀತದ ಜೊತೆ ಬರುತ್ತವೆ. ನಾಚಾರಮ್ಮನ ಕತೆ ಹಾಕಿದರೆ ಬೇಕಾದಷ್ಟು ಲೈಕ್ ಬರುತ್ತದೆ. ಹಿತ್ತಿಲಲ್ಲಿ ಬೊಗಸೆ ಒಡ್ಡಿ ನಿಂತವರ ಕತೆ ಹಾಕಿದರೆ? ಬೇಕಾದ್ದು ಇಟ್ಟುಕೊಂಡು ಬೇಡದ್ದು ಬಿಟ್ಟರೆ ನಾವೂ ಒಂದು ಸೆನ್ಸಾರ್ ಮಂಡಳಿಯೇ. ಹೆಮ್ಮೆಯ ಕತೆ ಹೇಳಿದ ಅಜ್ಜಿಯೇ ನಾಚಿಕೆಯ ಕತೆಯನ್ನೂ ಹೇಳಿದರು. ಎರಡೂ ಅವರ ಭಾಷೆಯಲ್ಲೇ ಇವೆ. ಭಾಷೆ ಹೋದರೆ ಎರಡೂ ಹೋಗುತ್ತವೆ.

ಅಜ್ಜಿ ಹೇಳಿದ್ದನ್ನು ಗೆಳತಿಗೆ ಹಾಗೇ ಹೇಳಿದೆ. ಅವಳು, “ನಮ್ಮಜ್ಜಿ ಹೇಳಿದ್ದೂ ಇದನ್ನೇ. ಆದ್ರೆ ನಿಮ್ಮ ಕಡೆಯಿಂದ ಯಾರಾದ್ರೂ ಒಪ್ಕೊಂಡು ಹೇಳಿದ್ದು ನಾನು ಕೇಳಿರ್ಲಿಲ್ಲ” ಅಂದಳು. ಈಗ ನಾವಿಬ್ಬರೂ ಒಂದು ಕೆಲಸ ಶುರು ಮಾಡಿದ್ದೇವೆ. ಭಾನುವಾರ ಅವಳು ತನ್ನ ಅಜ್ಜಿಯನ್ನು ಮಾತಾಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡುತ್ತಾಳೆ, ನಾನು ನನ್ನ ಅಜ್ಜಿಯನ್ನು. ನಮ್ಮಜ್ಜಿ ಮೊದಲು ಸಂಕೇತಿಯಲ್ಲಿ ಹೇಳುತ್ತಾರೆ, ಆಮೇಲೆ ಅದನ್ನೇ ಕನ್ನಡದಲ್ಲಿ. ಒಂದೊಂದು ಪದದ ಅರ್ಥ ಬರೆದುಕೊಳ್ಳುತ್ತಾ ಹೋಗುತ್ತಿದ್ದೇನೆ. ಲ್ಯಾಬ್ ರೆಕಾರ್ಡ್‌ಗಿಂತ ನಿಧಾನವಾಗಿ ಸಾಗುತ್ತಿದೆ. ದೊಡ್ಡತ್ತೆಯ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಎಲ್ಲರೂ ದೊಡ್ಡತ್ತೆ ಅಂತಲೇ ಕರೆದದ್ದು. ಮೂರನೇ ಭಾನುವಾರ ಅಜ್ಜಿಗೆ ಅದು ನೆನಪಾಯಿತು, ಫೋಟೊದ ಹಿಂದೆ ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ.

ನಿಮ್ಮ ಮನೆಯ ಮಾತು ತೆಲುಗೋ ತುಳುವೋ ಉರ್ದುವೋ ಕೊಡವವೋ ಲಂಬಾಣಿಯೋ ಇರಬಹುದು, ಹಾಸನದ ಅಚ್ಚ ಗೌಡರ ಕನ್ನಡವೇ ಇರಬಹುದು. ನಿಮ್ಮ ಮನೆಯಲ್ಲೂ ಯಾರೋ ಫೋಟೊದಿಂದ ಆಚೆ ಉಳಿದಿರುತ್ತಾರೆ. ಸೆಮಿಸ್ಟರ್ ರಜೆಯಲ್ಲಿ ಒಂದು ಮಧ್ಯಾಹ್ನ ಅಜ್ಜಿಯ ಪಕ್ಕ ಕೂತು ಕೇಳಿ. ಮೊದಲ ಪ್ರಶ್ನೆಗೆ ಹೆಮ್ಮೆಯ ಕತೆ ಬರುತ್ತದೆ, ಅದನ್ನು ಸಂತೋಷವಾಗಿ ಕೇಳಿಸಿಕೊಳ್ಳಿ. ಆಮೇಲೆ ಎರಡನೇ ಪ್ರಶ್ನೆ ಕೇಳಿ, ಅವರು ಸುಮ್ಮನಾದರೆ ಕಾಯಿರಿ. ಇದಕ್ಕೆ ಯಾವ ಮಂಡಳಿಯ ಸರ್ಟಿಫಿಕೇಟೂ ಬೇಕಾಗಿಲ್ಲ.